ಪಿನ್ನಿಲ್ಲದ ನಟ್ಟಿಗೆ ಹಾಕಿದ ಸಹಿ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬೈಲಹೊಂಗಲದ ಮೈದಾನಕ್ಕೆ ಮೋಟರ್‌ಸೈಕಲ್ಲು ಬರುತ್ತಿದೆ ಎಂಬುದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಆಗಿನ ಟೂ-ಸ್ಟ್ರೋಕ್ ಗಾಡಿಗಳಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕುತ್ತಿದ್ದರು. ಬೆರಕೆ ಹೆಚ್ಚಾದವರ ಗಾಡಿ ಹಿಂದೆ ನೀಲಿ ಹೊಗೆಯ ಸೆರಗು ಬಿಟ್ಟುಕೊಂಡು ಬರುತ್ತಿತ್ತು. ಕಡಿಮೆಯಾದವರದು ಕಾದ ಕಬ್ಬಿಣದ ವಾಸನೆ ಹೊಡೆಯುತ್ತಿತ್ತು. ಇಷ್ಟು ವರ್ಷದ ಮೇಲೆ ಈಗಲೂ ಎಲ್ಲೋ ಅಪರೂಪಕ್ಕೆ ಆ ಹೊಗೆ ಮೂಗಿಗೆ ಬಡಿದರೆ ನಾನು ನಿಂತು ತಿರುಗಿ ನೋಡುತ್ತೇನೆ. ಮನೆಯಾಕೆ ನಗುತ್ತಾಳೆ.

ನಾನು ಮೋಟಾರು ವಾಹನ ನಿರೀಕ್ಷಕನಾಗಿದ್ದವನು. ಹದಿನೈದು ವರ್ಷ ತುಂಬಿದ ಗಾಡಿಗಳನ್ನು ಪರೀಕ್ಷಿಸಿ ಇನ್ನೂ ರಸ್ತೆಯ ಮೇಲೆ ಓಡಬಹುದೋ ಇಲ್ಲವೋ ಎಂದು ಬರೆದುಕೊಡುವುದು, ಅಪಘಾತವಾದ ಗಾಡಿಗಳನ್ನು ನೋಡಿ ಪೊಲೀಸರಿಗೆ ವರದಿ ಕೊಡುವುದು ನನ್ನ ಕೆಲಸ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹೊಸಬರು ನನಗಿಂತ ಹೆಚ್ಚು ಓದಿದವರು. ಅವರಿಗೆ ಯಂತ್ರದ ಪಾಠ ನಾನು ಹೇಳಬೇಕಾಗಿಲ್ಲ. ನನ್ನ ಬಡ್ತಿ, ವರ್ಗಾವಣೆಗಳ ಕಥೆಯಿಂದಲೂ ಯಾರಿಗೂ ಉಪಯೋಗವಿಲ್ಲ. ಆದರೆ ಪುಸ್ತಕದಲ್ಲಿ ಇಲ್ಲದ್ದು ಕೆಲವು ಇವೆ. ಅದರಲ್ಲಿ ಒಂದು ನಾನೇ ಮಾಡಿದ ತಪ್ಪು. ಅದನ್ನು ಹೇಳಲಿಕ್ಕೇ ಕುಳಿತಿದ್ದೇನೆ. ಅದಕ್ಕೆ ಮೊದಲು ಆ ದಿನಗಳು ಹೇಗಿದ್ದವು ಎಂಬುದನ್ನೂ ನಾಲ್ಕು ಮಾತಿನಲ್ಲಿ ಹೇಳಬೇಕು.

ಆಗ ನಾವು ಊರೂರಿಗೆ ಹೋಗಿ ಕ್ಯಾಂಪ್ ಮಾಡುತ್ತಿದ್ದೆವು. ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರು. ಯಾವುದೋ ಬಯಲಿನಲ್ಲಿ ಒಂದು ಬೇವಿನ ಗಿಡ, ಅದರ ನೆರಳಿಗೆ ಒಂದು ಮೇಜು, ರಜಿಸ್ಟರು. ಚಾಸಿಸ್ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ಲಿನಿಂದ ಉಜ್ಜಿದರೆ ಅಂಕಿಗಳು ಒಂದೊಂದಾಗಿ ಮೂಡುತ್ತಿದ್ದವು. ಆ ಕಾಗದವನ್ನು ಅಂಟಿನಿಂದ ಫಾರಮ್ಮಿಗೆ ಹಚ್ಚಬೇಕು. ಊಟದ ಹೊತ್ತಿಗೆ ನನ್ನ ಬೆರಳೆಲ್ಲ ಗ್ರೀಸು, ಅಂಟು, ಪೆನ್ಸಿಲ್ ಪುಡಿ. ಮಧ್ಯಾಹ್ನ ಅದೇ ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಆಮೇಲೆ ಸಾಬೂನು ಹಚ್ಚಿ, ಮನೆಯಿಂದ ಕಟ್ಟಿ ತಂದ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದೆ. ಎಷ್ಟು ತೊಳೆದರೂ ಚಟ್ನಿಗೆ ಸ್ವಲ್ಪ ಸೀಮೆಎಣ್ಣೆಯ ರುಚಿ ಇದ್ದೇ ಇರುತ್ತಿತ್ತು.

ಕೆಲವೇ ತಿಂಗಳಲ್ಲಿ ನನಗೆ ಗಾಡಿ ನೋಡಿದರೆ ಅದು ಯಾವ ಊರಿನದೆಂದು ಹೇಳುವಷ್ಟು ರೂಢಿಯಾಯಿತು. ಬೈಲಹೊಂಗಲದ ಕಡೆಯವು ಎರೆಮಣ್ಣಿನ ಗಾಡಿಗಳು. ಮಳೆಗಾಲದಲ್ಲಿ ಮಡ್‌ಗಾರ್ಡಿನ ಒಳಗೆ ಮಣ್ಣು ಮೆತ್ತಿ ಒಣಗಿ ಇಟ್ಟಿಗೆಯಂತಾಗಿರುತ್ತಿತ್ತು, ಕ್ಲಚ್ ಪ್ಲೇಟು ಸುಟ್ಟಿರುತ್ತಿತ್ತು. ರಾಮದುರ್ಗದವಕ್ಕೆ ಕಲ್ಲು ದಾರಿಯ ಏಟು. ನಾಲ್ಕಾರು ಸ್ಪೋಕು ಮುರಿದಿರಬೇಕು, ಮುಂದಿನ ಫೋರ್ಕಿನಿಂದ ಆಯಿಲ್ ಸೋರಬೇಕು. ಕಿತ್ತೂರಿನವು ಹೆದ್ದಾರಿಯ ಗಾಡಿಗಳು. ನೋಡಲು ಸ್ವಚ್ಛ, ಆದರೆ ಟಾಯರು ನಟ್ಟನಡುವೆ ಸವೆದು ನುಣ್ಣಗಾಗಿರುತ್ತಿತ್ತು. ಸವದತ್ತಿಯಲ್ಲಿ ಗುಡ್ಡದ ಏರಿಳಿತ. ಅಲ್ಲಿ ಬ್ರೇಕಿನ ಲೈನರು ಉಳಿದಿದ್ದರೆ ಅದೇ ವಿಶೇಷ. ಇನ್ನು ಹಾರ್ನು ಕೂಗದಿರುವುದು, ಹಿಂದಿನ ದೀಪ ಹತ್ತದಿರುವುದು, ಚೈನು ಜೋಕಾಲಿಯಂತೆ ತೂಗುವುದು ಎಲ್ಲ ಊರಿಗೂ ಸಾಮಾನ್ಯ.

ನನಗೆ ಈ ಕೆಲಸ ಕಲಿಸಿದವರು ನನ್ನ ಮೇಲಧಿಕಾರಿ ಜೋಶಿ ಸಾಹೇಬರು. ತೆಳ್ಳನೆಯ ಮನುಷ್ಯ, ಮಾತು ಕಡಿಮೆ, ಬಿಳಿ ಅಂಗಿ. ಆ ಅಂಗಿಗೆ ಕಲೆ ತಾಗದ ಹಾಗೆ ಗಾಡಿಯ ಕೆಳಗೆ ಹೇಗೆ ಬಗ್ಗುತ್ತಿದ್ದರೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಗಾಡಿಯ ಮುಂದಿನ ಗಾಲಿಯನ್ನು ಎರಡು ಮೊಣಕಾಲ ನಡುವೆ ಹಿಡಿದು ಹ್ಯಾಂಡಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ, "ಕಣ್ಣು ಮುಚ್ಚಿಕೊಂಡು ಹಿಡಿದು ನೋಡು, ಬಣ್ಣ ಕಾಣಬಾರದು," ಎನ್ನುತ್ತಿದ್ದರು. ಹೊಸದಾಗಿ ಬಣ್ಣ ಹೊಡೆಸಿಕೊಂಡು ಬಂದ ಗಾಡಿಯ ಮೇಲೆ ಅವರಿಗೆ ಮೊದಲೇ ಸಂಶಯ.

ನನ್ನ ಮೊದಲ ಮರ್ಯಾದೆ ಹೋದದ್ದು ಸವದತ್ತಿಯಲ್ಲಿ. ರೈತರೊಬ್ಬರು ಬಹಳ ಹಳೆಯ ಗಾಡಿ ತಂದಿದ್ದರು. ನಾನು ಗತ್ತಿನಿಂದ ಹತ್ತಿ ಮೈದಾನದಲ್ಲಿ ಒಂದು ಸುತ್ತು ಹೊಡೆದೆ. ತಿರುವಿನಲ್ಲಿ ಬ್ರೇಕ್ ಹಿಡಿಯಲು ಬಲಗಾಲು ಒತ್ತಿದರೆ ಗಾಡಿ ನಿಲ್ಲುವ ಬದಲು ಗೇರು ಬದಲಾಯಿಸಿಕೊಂಡು ಇನ್ನಷ್ಟು ಜೋರಾಗಿ ಓಡಿತು. ಮತ್ತೆ ಒತ್ತಿದೆ, ಮತ್ತೂ ಓಡಿತು. ಕೊನೆಗೆ ಮೈದಾನದ ಅಂಚಿನಲ್ಲಿ ಯಾರೋ ಒಟ್ಟಿದ್ದ ಜೋಳದ ಕಣಿಕೆಯ ಬಣವೆಯೊಳಗೆ ಅರ್ಧ ಹೊಕ್ಕು ನಿಂತೆ. ಆ ಕಾಲದ ಕೆಲವು ಗಾಡಿಗಳಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇರುತ್ತಿತ್ತು. ನಾನು ಹತ್ತುವ ಮೊದಲು ಕೆಳಗೆ ನೋಡಿರಲೇ ಇಲ್ಲ. ರೈತರು ನಿಧಾನವಾಗಿ ನಡೆದು ಬಂದು ನನ್ನ ತಲೆಯ ಮೇಲಿನ ಒಣಗಿದ ಎಲೆಯ ರವದಿ ತೆಗೆಯುತ್ತ ಅಂದರು:

"ಬ್ರೇಕ್ ಚಲೋ ಅದಾವ್ರಿ ಸಾಹೇಬ್ರ. ನೀವ ಹಿಡೀಲಿಲ್ಲ."

ಜೋಶಿ ಸಾಹೇಬರು ದೂರದಲ್ಲಿ ನಿಂತು ನೋಡಿದ್ದರು. ಆ ದಿನ ಸಂಜೆಯ ಚಹಾದ ಹೊತ್ತಿಗೆ ಅವರ ಭುಜ ಎರಡು ಸಲ ಅಲುಗಾಡಿದ್ದನ್ನು ನಾನು ಕಂಡೆ.

ಬೈಲಹೊಂಗಲದ ಒಂದು ಕ್ಯಾಂಪಿನಲ್ಲಿ ಕನ್ನಡಿಗಳ ತಮಾಷೆ ನಡೆಯಿತು. ಆಗ ನಮ್ಮ ಕಡೆ ಗಾಡಿಗೆ ಕನ್ನಡಿ ಇಟ್ಟುಕೊಂಡರೆ ಹುಡುಗಾಟಿಕೆ ಎಂದು ಕಳಚಿ ಮನೆಯಲ್ಲಿಡುತ್ತಿದ್ದರು. ಕನ್ನಡಿ ಇಲ್ಲದ ಗಾಡಿಗಳನ್ನು ನಾನು ವಾಪಸು ಕಳಿಸಲು ಶುರುಮಾಡಿದೆ. ಮುಂದಿನ ಕ್ಯಾಂಪಿನಲ್ಲಿ ನನ್ನ ಮೇಜಿನ ಮುಂದೆ ಬಂದ ಗಾಡಿಗೆಲ್ಲ ಕನ್ನಡಿ. ನನಗೆ ಖುಷಿಯಾಯಿತು. ನಾಲ್ಕನೆಯ ಗಾಡಿ ನೋಡುವಾಗ ಕನ್ನಡಿಯ ಮೂಲೆಯಲ್ಲಿ ಗುಲಾಬಿ ಹೂವಿನ ಚೀಟಿ ಕಂಡಿತು. ಅದೇ ಗುಲಾಬಿಯನ್ನು ಬೆಳಿಗ್ಗೆಯಿಂದ ಮೂರು ಸಲ ನೋಡಿದ್ದೆ. ಚಹಾದ ಅಂಗಡಿಯವರು ಒಂದು ಜೋಡಿ ಕನ್ನಡಿ ಇಟ್ಟುಕೊಂಡು, ಒಬ್ಬರ ಗಾಡಿ ಪಾಸಾದ ಕೂಡಲೆ ಬಿಚ್ಚಿ ಮುಂದಿನವರಿಗೆ ಹಾಕಿಕೊಡುತ್ತಿದ್ದರು. ಕೇಳಿದ್ದಕ್ಕೆ, "ಪಾಪ, ದೂರಿಂದ ಬಂದಿರತಾರ್ರೀ," ಎಂದರು. ಸಿಟ್ಟು ಮಾಡಬೇಕೆಂದುಕೊಂಡವನು ಅವರ ಮುಖ ನೋಡಿ ನಕ್ಕುಬಿಟ್ಟೆ. ಆದರೆ ನಾಲ್ಕೂ ಗಾಡಿಯವರನ್ನು ಕರೆಸಿ ಮುಂದಿನ ಕ್ಯಾಂಪಿಗೆ ಬರಲು ಹೇಳಿದೆ.

ಕಿತ್ತೂರಿನಲ್ಲಿ ದನದ ಆಸ್ಪತ್ರೆಯ ಒಬ್ಬ ಹಿರಿಯ ಕಂಪೌಂಡರು ಇದ್ದರು. ಅವರ ಗಾಡಿಗೆ ಹದಿನೈದು ದಾಟಿ ಇನ್ನೂ ಎಷ್ಟೋ ವರ್ಷವಾಗಿತ್ತು. ಕಿಕ್ಕನ್ನು ಕಾಲಿನಿಂದಲ್ಲ, ಕೈಯಿಂದ ಒಮ್ಮೆ ಮೆತ್ತಗೆ ಒತ್ತಿದರೆ ಸಾಕು, ಶುರುವಾಗುತ್ತಿತ್ತು. ಏನು ಮಾಡುತ್ತೀರಿ ಎಂದು ಕೇಳಿದೆ.

"ಮುಂಜಾನೆ ಹತ್ತೂಕಿಂತ ಮೊದಲ ಒಮ್ಮೆ ಸುತ್ತಲೂ ಕೈ ಆಡಸ್ತೇನ್ರಿ, ಅಷ್ಟ. ಹೊಟ್ಟಿ ಉಬ್ಬಿದ ಎಮ್ಮಿ ಬಾಯಿ ಬಿಟ್ಟ ಹೇಳತೈತೇನು? ನಾವ ಮುಟ್ಟಿ ನೋಡಬೇಕು."

ಯಾವ ಗಾಡಿ ಹೆಚ್ಚು ಬಾಳಿಕೆ ಬರುತ್ತದೆ ಎಂದು ಜನ ನನ್ನನ್ನು ಇವತ್ತಿಗೂ ಕೇಳುತ್ತಾರೆ. ಆ ಕಂಪೌಂಡರ ಕೈಗೆ ಸಿಕ್ಕ ಗಾಡಿ ಎಂದು ಹೇಳುತ್ತೇನೆ. ನಾನು ಸಾವಿರಾರು ಗಾಡಿ ನೋಡಿ ಕಲಿತದ್ದೂ ಅಷ್ಟೇ: ದೊಡ್ಡ ದೋಷ ತಾನೇ ಸದ್ದು ಮಾಡಿ ಹೇಳುತ್ತದೆ. ಸಣ್ಣದು ಸುಮ್ಮನಿರುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ರಾಮದುರ್ಗದ ಕ್ಯಾಂಪು. ಬಿಸಿಲು ನೆತ್ತಿಗೇರಿತ್ತು. ಸುರೇಬಾನದ ಗುರುಪಾದಪ್ಪ ಮಾಸ್ತರರು, ಪ್ರಾಥಮಿಕ ಶಾಲೆಯ ಶಿಕ್ಷಕರು, ತಮ್ಮ ಗಾಡಿ ತಂದು ಸಾಲಿನ ಕೊನೆಗೆ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಗಾಡಿಯನ್ನೂ ಹಾಗೇ ಇಟ್ಟಿದ್ದರು. ದೀಪ, ಹಾರ್ನು, ಚೈನು, ಸ್ಪೋಕು ಎಲ್ಲ ಸರಿ. ನಾನು ಬಗ್ಗಿ ಹಿಂದಿನ ಗಾಲಿ ನೋಡಿದೆ. ಹಿಂದಿನ ಬ್ರೇಕಿನ ತಟ್ಟೆ ಗಾಲಿಯ ಜೊತೆ ತಿರುಗದಂತೆ ಒಂದು ಕಬ್ಬಿಣದ ಪಟ್ಟಿ ಹಿಡಿದುಕೊಂಡಿರುತ್ತದೆ. ಅದರ ಬೋಲ್ಟಿಗೆ ಒಂದು ನಟ್ಟು. ಆ ನಟ್ಟು ಅದುರಿ ಬಿಚ್ಚಿಕೊಳ್ಳಬಾರದೆಂದು ಬೋಲ್ಟಿನ ತೂತಿನಲ್ಲಿ ಒಂದು ಪಿನ್ನು, ಹೆಂಗಸರು ತಲೆಗೆ ಸಿಕ್ಕಿಸುವ ಪಿನ್ನಿನಂಥದ್ದು. ಮಾಸ್ತರರ ಗಾಡಿಯಲ್ಲಿ ನಟ್ಟು ಬಿಗಿಯಾಗಿತ್ತು. ಪಿನ್ನು ಇರಲಿಲ್ಲ.

"ಮಾಸ್ತರ, ಇಲ್ಲೊಂದ ಪಿನ್ ಇಲ್ಲ ನೋಡ್ರಿ. ಹಾಕಸ್ಕೋರಿ."

"ಇವತ್ತ ಹಾಕಸ್ತೇನ್ರಿ. ಮಧ್ಯಾಹ್ನದ ಸಾಲಿಗೆ ಹೊತ್ತಾತು, ಅಲ್ಲೇ ಸುರೇಬಾನದಾಗ ಹಾಕಸ್ತೇನಿ."

ಮೈದಾನದ ಆಚೆ ದಾರಿ ದಾಟಿದರೆ ಮಿಸ್ತ್ರಿಯ ಅಂಗಡಿ ಇತ್ತು. ಹತ್ತು ನಿಮಿಷದ ಕೆಲಸ. ಹಾಕಿಸಿಕೊಂಡು ಬನ್ನಿ, ಆಮೇಲೆ ಸಹಿ ಎನ್ನಬೇಕಾಗಿತ್ತು. ಆದರೆ ಅವರಿಗೆ ಶಾಲೆಗೆ ತಡವಾಗಿತ್ತು, ನನಗೆ ಹಸಿವಾಗಿತ್ತು. ಮೇಲಾಗಿ ಇಷ್ಟು ಒಳ್ಳೆಯ ಮನುಷ್ಯನನ್ನು ಒಂದು ಪಿನ್ನಿಗಾಗಿ ಕಾಯಿಸುವುದೇ ಎನಿಸಿತು. ಸಹಿ ಹಾಕಿಕೊಟ್ಟೆ. ಅವರು ಎರಡೂ ಕೈಯಿಂದ ಕಾಗದ ತೆಗೆದುಕೊಂಡು ಹೋದರು. ನಾನು ರೊಟ್ಟಿಯ ಗಂಟು ಬಿಚ್ಚಿದೆ. ಒಬ್ಬರಿಗೆ ಉಪಕಾರ ಮಾಡಿದೆ ಎಂಬ ಸಮಾಧಾನ ಬೇರೆ.

ಎರಡೂವರೆ ತಿಂಗಳ ಮೇಲೆ ಸವದತ್ತಿ ತಾಲ್ಲೂಕಿನಲ್ಲಿ ಅಪಘಾತವಾದ ಒಂದು ಮೋಟರ್‌ಸೈಕಲ್ ನೋಡಲು ಪೊಲೀಸರಿಂದ ಪತ್ರ ಬಂತು. ಠಾಣೆಯ ಹಿತ್ತಲಲ್ಲಿ ಗಾಡಿ ಒರಗಿಸಿದ್ದರು. ಎಡಗಡೆಯೆಲ್ಲ ಉಜ್ಜಿ ಹೋಗಿತ್ತು. ಹಿಂದಿನ ಗಾಲಿ ತಿರುಗುತ್ತಿರಲಿಲ್ಲ. ಹವಾಲ್ದಾರರು ಹೇಳಿದರು: ಗಂಡ ಹೆಂಡತಿ ಮುರಗೋಡಕ್ಕೆ ಹೊರಟಿದ್ದರು, ಇಳಿಜಾರಿನಲ್ಲಿ ಎಮ್ಮೆ ಅಡ್ಡ ಬಂತು, ಈತ ಬ್ರೇಕ್ ಹಿಡಿದ, ಗಾಡಿ ಜಾರಿ ಸೇತುವೆಯ ಕಲ್ಲಿಗೆ ಬಡಿಯಿತು, ಹೆಂಡತಿಯ ಎಡಗಾಲು ಎರಡು ಕಡೆ ಮುರಿಯಿತು. ಗಂಡನ ಮೇಲೆ ನಿರ್ಲಕ್ಷ್ಯದ ಚಾಲನೆಯ ಕೇಸು.

"ಬ್ರೇಕ್ ಹಿಡಿದ ಕೂಡ್ಲೆ ಗಾಲಿ ಗಪ್ಪಂತ ನಿಂತಬಿಡ್ತು ಅಂತಾನ್ರಿ. ಎಲ್ಲಾರೂ ಹಂಗ ಅಂತಾರ," ಎಂದರು ಹವಾಲ್ದಾರರು.

ನಾನು ಬಗ್ಗಿದೆ. ಪಟ್ಟಿಯ ಬೋಲ್ಟು ಇರಲಿಲ್ಲ. ನಟ್ಟು ಅದುರಿ ಅದುರಿ ಬಿಚ್ಚಿ ಎಲ್ಲೋ ಬಿದ್ದಿತ್ತು, ಹಿಂದೆಯೇ ಬೋಲ್ಟೂ ಜಾರಿತ್ತು. ಬ್ರೇಕ್ ಹಿಡಿದಾಗ ತಟ್ಟೆಯೇ ಗಾಲಿಯ ಜೊತೆ ತಿರುಗಿ, ಬ್ರೇಕಿನ ಸರಳನ್ನು ಸುತ್ತಿಕೊಂಡು ಗಾಲಿಯನ್ನು ಕಟ್ಟಿಹಾಕಿತ್ತು. ಎದ್ದು ನಂಬರು ಪ್ಲೇಟು ನೋಡಿದೆ. ಆಮೇಲೆ ಹವಾಲ್ದಾರರ ಕಾಗದದಲ್ಲಿ ಹೆಸರು ನೋಡಿದೆ. ಗುರುಪಾದಪ್ಪ, ಶಿಕ್ಷಕರು, ಸುರೇಬಾನ.

ನಮ್ಮ ಅಪಘಾತ ವರದಿಯ ಫಾರಮ್ಮಿನ ಕೊನೆಯಲ್ಲಿ ಒಂದು ವಾಕ್ಯ ರೂಢಿಯಿಂದ ಬಂದದ್ದು: ಅಪಘಾತವು ಯಾವುದೇ ಯಾಂತ್ರಿಕ ದೋಷದಿಂದ ಸಂಭವಿಸಿರುವುದಿಲ್ಲ. ನಾನೇ ಅದನ್ನು ಎಷ್ಟು ಸಲ ಬರೆದಿದ್ದೆನೋ ಲೆಕ್ಕವಿಲ್ಲ. ಬರೆಯುವಾಗ ಕೈ ತಾನಾಗಿ ಓಡುತ್ತಿತ್ತು. ಆ ದಿನವೂ ಬರೆದುಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ನನ್ನ ಸಹಿಯೂ ಉಳಿಯುತ್ತಿತ್ತು. ಮಾಸ್ತರರಿಗೆ ಶಿಕ್ಷೆಯಾಗುತ್ತಿತ್ತು, ನೌಕರಿಗೂ ಕುತ್ತು ಬರುತ್ತಿತ್ತು. "ನಾಳೆ ಕೊಡತೇನ್ರಿ," ಎಂದು ಹವಾಲ್ದಾರರಿಗೆ ಹೇಳಿ ಖಾಲಿ ಫಾರಮ್ಮು ಮಡಿಸಿಕೊಂಡು ಹೊರಬಂದೆ.

ನೇರ ಆಸ್ಪತ್ರೆಗೆ ಹೋದೆ. ಮಾಸ್ತರರು ವರಾಂಡದ ಬೆಂಚಿನ ಮೇಲೆ ಕುಳಿತಿದ್ದರು. ಒಳಗೆ ಅವರ ಹೆಂಡತಿ ನೀಲವ್ವ ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದರು. ನನ್ನನ್ನು ಕಂಡು ಮಾಸ್ತರರು ಎದ್ದು ನಿಂತರು. ನಾನು ಬಾಯಿ ತೆರೆಯುವ ಮೊದಲೇ ತಗ್ಗಿದ ದನಿಯಲ್ಲಿ ಅಂದರು:

"ನೀವು ಹೇಳಿದ್ರಿ ಸಾಹೇಬ್ರ. ನಾ ಮರತೆ. ಆವತ್ತ ಸಾಲಿಗೆ ಹೋದೆ, ಸಂಜಿ ಮುಂದ ನಾಳೆ ಹಾಕಸಿದ್ರಾತು ಅಂದೆ. ಆಮ್ಯಾಲ ನೆನಪಾ ಬರಲಿಲ್ಲ."

"ನಾ ಸಹಿ ಮಾಡಬಾರದಿತ್ರಿ ಮಾಸ್ತರ."

ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ. ಬಾಗಿಲಿನ ಕಡೆ ನೋಡಿ, "ಆಕೀಗೆ ಇದು ಗೊತ್ತಿಲ್ರಿ," ಎಂದರು. "ಎಮ್ಮಿ ಅಡ್ಡ ಬಂತು, ದೇವರು ಹಂಗ ಮಾಡಿದ ಅಂತ ತಿಳಕೊಂಡಾಳ. ಹಂಗ ಇರಲಿ."

ಮಡಿಸಿದ ಫಾರಮ್ಮನ್ನು ಜೇಬಿಗೆ ಸೇರಿಸಿ ನಾನು ಹೊರಟೆ.

ಮರುದಿನ ಜೋಶಿ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪಿನ್ನಿನ ಸಂಗತಿ ಯಾರ‍್ಯಾರಿಗೆ ಗೊತ್ತದ?"

"ಮಾಸ್ತರಿಗೆ, ನನಗ. ಈಗ ನಿಮಗ."

"ನೀ ಬರೀಲಿಕ್ಕೆ ಧೈರ್ಯಾ ಕೇಳಲಿಕ್ಕೆ ಬಂದೀಯೋ, ಬರೀಬ್ಯಾಡಾ ಅನಿಸ್ಕೊಂಡು ಹೋಗಲಿಕ್ಕೆ ಬಂದೀಯೋ?"

ಎರಡನೆಯದಕ್ಕೇ ಬಂದಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅವರು ಫಾರಮ್ಮನ್ನು ನನ್ನ ಕಡೆ ಸರಿಸಿ ಒಂದು ಪೆನ್ನು ಕೊಟ್ಟರು. "ಇಲ್ಲೇ ಕೂತು ಬರಿ. ಹೊರಗ ಹೋದರ ಮನಸ್ಸು ಬದಲಾಗತದ."

ಬರೆದೆ. ಪಟ್ಟಿಯ ಬೋಲ್ಟು ಕಳಚಿದ್ದರಿಂದ ಗಾಲಿ ಬಿಗಿದು ಅಪಘಾತವಾಗಿದೆ. ನಟ್ಟಿಗೆ ಪಿನ್ನು ಇಲ್ಲದ್ದನ್ನು ಹಿಂದಿನ ಪರೀಕ್ಷೆಯಲ್ಲಿ ನಾನು ಗಮನಿಸಿಯೂ ಅರ್ಹತಾ ಪತ್ರ ಕೊಟ್ಟಿದ್ದೇನೆ. ಮಾಸ್ತರರಿಗೆ ಬಾಯಿಮಾತಿನಲ್ಲಿ ಹೇಳಿದ್ದನ್ನು ಮಾತ್ರ ಬರೆಯಲಿಲ್ಲ. ಜೋಶಿ ಸಾಹೇಬರು ಓದಿ, ಒಂದು ಅಕ್ಷರವನ್ನೂ ತಿದ್ದದೆ ಕಳಿಸಿದರು. ನನಗೆ ಇಲಾಖೆಯಿಂದ ನೋಟೀಸು ಬಂತು, ವಿಚಾರಣೆಯಾಯಿತು, ಸೇವಾ ಪುಸ್ತಕದಲ್ಲಿ ವಾಗ್ದಂಡನೆ ಏರಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಕೇಸು ಸವದತ್ತಿಯ ಕೋರ್ಟಿಗೆ ಬರುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ನನ್ನನ್ನು ಸಾಕ್ಷಿಗೆ ಕರೆದರು. ಗಾಯಗೊಂಡವರೆಂದು ನೀಲವ್ವನವರ ಸಾಕ್ಷಿ ಆಗಲೇ ಮುಗಿದಿತ್ತು. ಅವರು ಕೋಲು ಪಕ್ಕಕ್ಕಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಮುರಿದ ಕಾಲು ಕೂಡಿತ್ತು, ಆದರೆ ಗಿಡ್ಡವಾಗಿತ್ತು. ಸರ್ಕಾರಿ ವಕೀಲರು ನನ್ನ ವರದಿ ಹಿಡಿದು ಕೇಳಿದರು:

"ಪಿನ್ ಇಲ್ಲದ್ದು ನಿಮಗ ಕಂಡಿತ್ತು. ಮಾಲಕರಿಗೆ ಹೇಳಿದ್ದಿಲ್ಲೇನು?"

ಇದೇ ಪ್ರಶ್ನೆಗೆ ನಾನು ಎರಡು ವರ್ಷ ಹೆದರಿದ್ದೆ. ಕಟಕಟೆಯಲ್ಲಿ ನಿಂತಿದ್ದ ಮಾಸ್ತರರು ತಲೆ ತಗ್ಗಿಸಿದರು. ಪ್ರಮಾಣ ಮಾಡಿ ನಿಂತಿದ್ದೆ.

"ಹೇಳಿದ್ದೆ."

"ಅಂದ್ರ, ಗೊತ್ತಿದ್ದೂ ಹಾಕಿಸದಽ ಗಾಡಿ ಓಡಿಸ್ಯಾರ."

"ಹೇಳಿದ್ದೆ ಖರೆ. ಹೇಳಿ, ಅದರ ಬೆನ್ನಿಗೇ ಸಹಿ ಮಾಡಿದೆ. ಗಾಡಿ ರಸ್ತೆಗೆ ಯೋಗ್ಯ ಐತಿ ಅಂತ ಬರದು ಕೊಟ್ಟೆ. ಪಿನ್ ಅಷ್ಟ ದೊಡ್ಡ ಸಂಗತಿ ಆಗಿದ್ರ ಈ ಸಾಹೇಬ್ರು ಸಹಿ ಮಾಡತಿದ್ದಿಲ್ಲ ಅಂತ ಅವರು ತಿಳಕೊಂಡಿದ್ರ ಅದು ಅವರ ತಪ್ಪಲ್ಲ."

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ, ಹಾಗಾದರೆ ಯಾಕೆ ಸಹಿ ಮಾಡಿದಿರಿ ಎಂದು ಕೇಳಿದರು.

"ಅವರಿಗೆ ಸಾಲಿಗೆ ಹೊತ್ತಾಗಿತ್ತು. ನನಗ ಊಟದ ಹೊತ್ತಾಗಿತ್ತು," ಎಂದೆ. ಕೋರ್ಟಿನಲ್ಲಿ ಯಾರೂ ನಗಲಿಲ್ಲ.

ಮುಂದೆ ಕೆಲವು ವಾರಗಳಲ್ಲಿ ಮಾಸ್ತರರ ಖುಲಾಸೆಯಾಯಿತು. ಆ ಅಪಘಾತದ ನಂತರ ನಾನು ಒಂದು ಸಣ್ಣ ನಟ್ಟಿಗೂ ಬಾಯಿಮಾತಿನ ರಿಯಾಯಿತಿ ಕೊಟ್ಟಿಲ್ಲ. ಮಾಡಿಸಿಕೊಂಡು ಬನ್ನಿ, ನಾನು ಇಲ್ಲೇ ಕಾಯುತ್ತೇನೆ ಎನ್ನುತ್ತಿದ್ದೆ. ಎಷ್ಟೋ ಮಂದಿ ಬೈದುಕೊಂಡರು. ಎರಡು ಸಾವಿರದ ನಂತರ ಗಾಡಿಗಳೇ ಬದಲಾದವು. ಫೋರ್-ಸ್ಟ್ರೋಕ್ ಬಂದು ಹೊಗೆ ಹೋಯಿತು. ಗುಂಡಿ ಒತ್ತಿದರೆ ಶುರುವಾಗತೊಡಗಿದವು, ಮುಂದಿನ ಗಾಲಿಗೆ ಡಿಸ್ಕ್ ಬ್ರೇಕು ಬಂತು, ಹೊಗೆ ಅಳೆಯುವ ಯಂತ್ರ ಬಂತು, ರಜಿಸ್ಟರಿನ ಜಾಗದಲ್ಲಿ ಕಂಪ್ಯೂಟರು ಕುಳಿತಿತು. ಹೊಸ ಗಾಡಿಗಳು ಹಳೆಯವಕ್ಕಿಂತ ನಿಜವಾಗಿಯೂ ಗಟ್ಟಿ. ಅದನ್ನು ಒಪ್ಪುತ್ತೇನೆ, ಮನಸ್ಸು ಹಳೆಯವನ್ನು ನೆನೆದರೂ. ಆದರೆ ಬಗ್ಗಿ ನೋಡುವ ಕೆಲಸ ಇನ್ನೂ ಮನುಷ್ಯನದೇ. ಬಗ್ಗಿದ ಮೇಲೆ ಕಂಡದ್ದಕ್ಕೆ ಏನು ಮಾಡುತ್ತೀರಿ ಎಂಬುದೂ.

ಸಾಕ್ಷಿ ಹೇಳಿದ ದಿನದ್ದು ಒಂದು ಮಾತು ಉಳಿದಿದೆ. ಕೋರ್ಟಿನಿಂದ ಹೊರಬಂದು ಮೆಟ್ಟಿಲಿಳಿಯುತ್ತಿದ್ದೆ. ಹಿಂದೆ ಕೋಲಿನ ಸದ್ದು ಕೇಳಿತು. ನೀಲವ್ವನವರು. ಮಾಸ್ತರರು ಒಳಗೆ ವಕೀಲರ ಹತ್ತಿರ ಇದ್ದರು. ನಾನು ಎರಡು ಮೆಟ್ಟಿಲು ವಾಪಸು ಹತ್ತಿದೆ.

"ನನ್ನಿಂದ ತಪ್ಪಾತ್ರಿ ಅವ್ವಾರ," ಎಂದೆ.

ಅವರು ಕೋಲನ್ನು ಮೆಟ್ಟಿಲಿಗೆ ಊರಿ ನಿಂತರು. ಆಮೇಲೆ ಅಂದರು:

"ಎರಡು ವರ್ಷಾತ್ರಿ, ಅವರು ನನ್ನ ಮಾರಿ ನೋಡಿ ಮಾತಾಡಿಲ್ಲ. ನೀರು ಕೊಡತಾರ, ಗುಳಿಗಿ ಕೊಡತಾರ, ಎಲ್ಲಾ ಮಾಡತಾರ. ಮಾರಿ ಅಷ್ಟ ನೋಡಂಗಿಲ್ಲ. ಕುಂಟಿ ಆದ್ನಲ್ಲಾ, ಅದಕ್ಕ ಬ್ಯಾಸರಾ ಆಗೇತಿ ಅಂತ ತಿಳಕೊಂಡಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಅದಲ್ಲಂತ ಇವತ್ತ ಗೊತ್ತಾತು."

ಅಷ್ಟರಲ್ಲಿ ಮಾಸ್ತರರು ಹೊರಗೆ ಬಂದರು. ನಮ್ಮಿಬ್ಬರನ್ನೂ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ನೀಲವ್ವನವರು ತಿರುಗಿ, "ಬರ್ರಿ," ಎಂದು ಕೈ ಚಾಚಿದರು. "ಮೆಟ್ಲ ಇಳಿಯಾಕ ಹಿಡೀರಿ."

ನಾನು ಬೈಲಹೊಂಗಲದ ಬಸ್ಸಿಗಾಗಿ ನಿಲ್ದಾಣಕ್ಕೆ ಹೋದಾಗ ಅವರಿಬ್ಬರೂ ಆಚೆ ಕಡೆಯ ಕಲ್ಲು ಬೆಂಚಿನ ಮೇಲೆ ಕುಳಿತಿದ್ದರು. ಮಾಸ್ತರರು ಮಾತಾಡುತ್ತಿದ್ದರು. ಏನೆಂದು ಕೇಳಿಸುವಷ್ಟು ಹತ್ತಿರ ನಾನಿರಲಿಲ್ಲ. ಅವರು ಹತ್ತಬೇಕಿದ್ದ ರಾಮದುರ್ಗದ ಬಸ್ಸು ಬಂತು, ಜನ ಹತ್ತಿದರು, ಕಂಡಕ್ಟರು ಎರಡು ಸಲ ಊರಿನ ಹೆಸರು ಕೂಗಿದರು. ಅವರು ಏಳಲಿಲ್ಲ. ಬಸ್ಸು ಹೋಯಿತು. ಮಾಸ್ತರರು ಇನ್ನೂ ಮಾತಾಡುತ್ತಲೇ ಇದ್ದರು, ಹೆಂಡತಿಯ ಮುಖ ನೋಡುತ್ತ.